ಮುರುಗೆಪ್ಪ ಸಾಹುಕಾರರ ದೀಪಾವಳಿ ಸಿಡಿ

ನನ್ನ ತಮ್ಮ ಗುರುಬಸವನ ಪ್ರೆಸ್ ಇರುವುದು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ. ಅಲ್ಲಿ ವರ್ಷಕ್ಕೆ ಎರಡು ಸುಗ್ಗಿ. ಒಂದು ಲಗ್ನಪತ್ರಿಕೆಯದು, ಇನ್ನೊಂದು ಕ್ಯಾಲೆಂಡರಿನದು. ಪತ್ರಿಕೆ ಮಡಚಿ ಲಕೋಟೆಗೆ ತುಂಬುವ ಕೆಲಸ ನನ್ನದು. ಕ್ಯಾಲೆಂಡರಿನಲ್ಲಿ ನನಗೆ ಅಷ್ಟು ಕೆಲಸವಿಲ್ಲ, ಯಾರಿಗೂ ಇಲ್ಲ. ಲಕ್ಷ್ಮಿ, ಗಣಪತಿ, ಆಕಳಿನ ಪಕ್ಕ ನಿಂತ ಕೃಷ್ಣ, ಎಲ್ಲ ಶಿವಕಾಶಿಯಿಂದ ಅಚ್ಚಾಗಿಯೇ ಬರುತ್ತಾರೆ. ಕೆಳಗೆ ಒಂದು ಪಟ್ಟಿ ಖಾಲಿ ಬಿಟ್ಟಿರುತ್ತಾರೆ. ಅದರಲ್ಲಿ ಬಟ್ಟೆ ಅಂಗಡಿಯ ಹೆಸರು ಒತ್ತಿದರೆ ಅದು ಬಟ್ಟೆ ಅಂಗಡಿಯ ಲಕ್ಷ್ಮಿ, ದನದ ಹಿಂಡಿ ಅಂಗಡಿಯ ಹೆಸರು ಒತ್ತಿದರೆ ಹಿಂಡಿ ಅಂಗಡಿಯ ಲಕ್ಷ್ಮಿ. ಆ ಲಕ್ಷ್ಮಿಯನ್ನು ಬರೆದವರು ಯಾರು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿದ್ದಿಲ್ಲ. ಎರಡು ಸಾವಿರದ ಐದರ ದೀಪಾವಳಿಯಲ್ಲಿ ಆದ ಫಜೀತಿಗೆಲ್ಲ ಈ ಖಾಲಿ ಪಟ್ಟಿಯೇ ಮೂಲ.

ಗುರುಬಸವನ ಮಗಳು ದಾಕ್ಷಾಯಿಣಿ ಧಾರವಾಡದಲ್ಲಿ ಡಿಗ್ರಿ ಮುಗಿಸಿ, ಮೇಲೊಂದು ಕಂಪ್ಯೂಟರ್ ಕೋರ್ಸೂ ಮಾಡಿ ಬಂದಿದ್ದಳು. ಪ್ರೆಸ್ಸಿನ ಮುಂದಿನ ಖೋಲಿಯಲ್ಲಿ ಎರಡು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಅಂಗಡಿಕಾರರಿಗೆ ಕಂಪ್ಯೂಟರಿನ ಕೆಲಸ ಮಾಡಿಕೊಡುತ್ತೇನೆ ಅಂತ ಕುಂತಿದ್ದಳು. ಕೂತದ್ದೇ ಹೆಚ್ಚು, ಗಿರಾಕಿ ಕಡಿಮೆ. ಆ ಖೋಲಿ ರಸ್ತೆಗೆ ಮುಖ ಮಾಡಿದ್ದು. ಮೊಬೈಲ್ ರೀಚಾರ್ಜ್ ಅಂಗಡಿ ಹಾಕಬೇಕೆಂದಿದ್ದ ಫಕ್ರುಸಾಬ ಅದರ ಮೇಲೆ ಕಣ್ಣಿಟ್ಟಿದ್ದ. ದಿನಾ ಬಂದು ಬಾಡಿಗೆಯ ಮಾತೆತ್ತುತ್ತಿದ್ದ.

"ದೀಪಾವಳಿ ತನಕಾ ನೋಡ್ತೇನಿ," ಅಂದ ಗುರುಬಸವ ಮಗಳಿಗೆ. "ಅಷ್ಟರಾಗ ನಿನ್ನ ಕಂಪ್ಯೂಟರಿಗೆ ಒಂದು ಗಟ್ಟಿ ಕೆಲಸಾ ಬಂತು, ಖೋಲಿ ನಿನ್ನದು. ಬರಲಿಲ್ಲ, ಫಕ್ರುಸಾಬಂದು. ಆಮ್ಯಾಲೆ ಅಳಬಾರದು."

"ನಾ ಯಾಕ ಅಳ್ಲಿ? ಫಕ್ರುಸಾಬ್ ಕಾಕಾ ಅಳ್ತಾರ ಬಿಡ್ರಿ," ಅಂದಳು ಹುಡುಗಿ. ಬಾಯಿ ಮಾತ್ರ ಅಪ್ಪನದೇ.

ಕೆಲಸ ಬಂದಿತು, ಮುರುಗೆಪ್ಪ ಸಾಹುಕಾರರ ರೂಪದಲ್ಲಿ. ಅಮರಗೋಳದ ಎಪಿಎಂಸಿಯಲ್ಲಿ ಅವರದು ಹತ್ತಿಕಾಳು, ಹಿಂಡಿ, ಬೀಜದ ದೊಡ್ಡ ಅಂಗಡಿ. ಪ್ರತಿ ವರ್ಷ ನಮ್ಮಲ್ಲೇ ಕ್ಯಾಲೆಂಡರ್ ಒತ್ತಿಸುವವರು. ಆ ವರ್ಷ ಬಂದವರೇ ಕುರ್ಚಿಯಲ್ಲಿ ದೊಪ್ಪನೆ ಕುಂತರು.

"ಗುರುಬಸವಾ, ಕ್ಯಾಲೆಂಡರ್ ಸಾಕಾತಪಾ. ಮೊನ್ನೆ ಗಿರಾಕಿ ಮನಿಗೆ ಊಟಕ್ಕ ಹೋಗಿದ್ದೆ. ನಾ ಕೊಟ್ಟ ಲಕ್ಷ್ಮೀನ್ನ ರೊಟ್ಟಿ ಬುಟ್ಟಿ ತಳಕ್ಕ ಹಾಸ್ಯಾರ. ನನ್ನ ಹೆಸರಿನ ಮ್ಯಾಲೇ ಬಿಸಿ ರೊಟ್ಟಿ! ಈ ಸಲ ಬ್ಯಾರೆ ಏನರ ಹೇಳು."

ದಾಕ್ಷಾಯಿಣಿ ಅಲ್ಲೇ ಇದ್ದಳು. "ಕಾಕಾರ, ನಿಮ್ಮ ಗಿರಾಕಿ ಅಂಗಡ್ಯಾಗೆಲ್ಲಾ ಈಗ ಕಂಪ್ಯೂಟರ್ ಬಂದಾವಲ್ರಿ?"

"ಬಂದಾವು. ಮ್ಯಾಲೆ ಅರಿವಿ ಮುಚ್ಚಿ ಇಟ್ಟಾರ. ಇಂಗ್ಲೀಷಿನಾಗ ಬೈತೈತಿ ಅಂತ ಅಂಜತಾರ."

ಆಕೆ ಒಂದು ಸಿಡಿ ಹಾಕಿ ಕಂಪ್ಯೂಟರ್ ಚಾಲೂ ಮಾಡಿದಳು. ಅದು ಲಿನಕ್ಸ್ ಅಂತ, ಕಂಪ್ಯೂಟರ್ ನಡೆಸುವ ತಂತ್ರಾಂಶ, ಪುಕ್ಕಟೆ ಸಿಗುವಂಥದ್ದು. ಯಾವುದನ್ನೂ ಅಳಿಸುವುದಿಲ್ಲ, ಕೂಡಿಸುವುದಿಲ್ಲ, ಸಿಡಿ ಹಾಕಿದರೆ ತಾನೇ ಎದ್ದು ನಿಲ್ಲುತ್ತದೆ, ತೆಗೆದರೆ ಹೋಗುತ್ತದೆ. ಪರದೆಯ ಮೇಲೆ ಕಡತ, ತೆರೆ, ಉಳಿಸು, ಮುಚ್ಚು ಅಂತ ಎಲ್ಲ ಕನ್ನಡದಲ್ಲೇ ಬಂತು.

ಸಾಹುಕಾರರು ಕನ್ನಡಕ ಏರಿಸಿ ಮುಂದಕ್ಕೆ ಬಾಗಿದರು. "ಏ ತಂಗೀ, ಇದು ನಮ್ಮಂಗ ಮಾತಾಡಾಕತ್ತೈತಲ್ಲ! ಅಮಾಸಿ ಯಾವತ್ತೈತಿ, ಕೇಳು ಇದನ್ನ."

ಅದರೊಳಗೆ ಕ್ಯಾಲೆಂಡರ್ ಇತ್ತು, ಅಮಾವಾಸ್ಯೆ ಇರಲಿಲ್ಲ. ಅಮಾವಾಸ್ಯೆ ಕಾಣದ ಕ್ಯಾಲೆಂಡರನ್ನು ನಮ್ಮ ವ್ಯಾಪಾರಸ್ಥರಿಗೆ ಹೇಗೆ ಕೊಡುವುದು? ದಾಕ್ಷಾಯಿಣಿ ಪಂಚಾಂಗ ಮುಂದಿಟ್ಟುಕೊಂಡು ಆ ಕ್ಯಾಲೆಂಡರಿನ ಪ್ರೋಗ್ರಾಮನ್ನೇ ಬಿಚ್ಚಿ, ಅಮಾವಾಸ್ಯೆಗೆ ಕರಿ ಚುಕ್ಕಿ, ಹುಣ್ಣಿಮೆಗೆ ಬಿಳಿ ಚುಕ್ಕಿ ಬರುವಂತೆ ತಿದ್ದಿದಳು. ಸಾಹುಕಾರರು ನೋಡಿ ಐದುನೂರು ಸಿಡಿಗೆ ಹ್ಞೂಂ ಅಂದರು. ಲಕ್ಷ್ಮೀಪೂಜೆಯ ದಿನ ಅಂಗಡಿಗೆ ಬಂದವರಿಗೆಲ್ಲ ಪೇಡೆಯ ಜೊತೆ ಒಂದೊಂದು ಸಿಡಿ.

ಇಲ್ಲಿತನಕ ಎಲ್ಲ ಛಲೋ ಇತ್ತು. ಆಮೇಲೆ ಗುರುಬಸವ ತನ್ನ ಅನುಭವ ತಂದ.

"ಹೆಸರಿನ ಪಟ್ಟಿ ಎಲ್ಲೈತಿ ಇದಕ್ಕ?" ಅಂತ ಕೇಳಿದ.

ಪ್ರತಿ ಪ್ರೋಗ್ರಾಮಿನೊಳಗೂ 'ಕುರಿತು' ಅಂತ ಒಂದು ಕಡೆ ಒತ್ತಿದರೆ ಒಂದು ಸಣ್ಣ ಕಿಟಕಿ ತೆರೆಯುತ್ತಿತ್ತು. ಅದರಲ್ಲಿ ಯಾರುಯಾರದೋ ಹೆಸರು. ಕೆಳಗೆ ಇಂಗ್ಲೀಷಿನಲ್ಲಿ ಉದ್ದನೆಯ ಕರಾರು.

"ಇದೇ ನೋಡು ಪಟ್ಟಿ! ಆದ್ರ ಖಾಲಿ ಬಿಟ್ಟಿಲ್ಲಲ್ಲ ಇವರು? ತಗೀ ಅವನ್ನ. ಸಾಹುಕಾರರ ಹೆಸರು ಹಾಕು. ರೊಕ್ಕಾ ಕೊಡವರು ಅವರು."

ಮಗಳು ಹಾಗೇ ಮಾಡಿದಳು. ಕ್ಯಾಲೆಂಡರಿನ ಮನೆಯಲ್ಲಿ ಬೆಳೆದ ಹುಡುಗಿ, ಅದರಲ್ಲಿ ತಪ್ಪು ಇದೆ ಅಂತ ಆಕೆಗೆ ಹೊಳೆಯಲೇ ಇಲ್ಲ. ಯಾವ ಪ್ರೋಗ್ರಾಮಿನ 'ಕುರಿತು' ಒತ್ತಿದರೂ 'ಮುರುಗೆಪ್ಪ ಅಂಡ್ ಸನ್ಸ್, ಉತ್ತಮ ದರ್ಜೆಯ ಹತ್ತಿಕಾಳು ಹಿಂಡಿ ಸಿಗುವ ಸ್ಥಳ' ಅಂತ ಬಂತು. ಕರಾರಿನ ಪುಟವನ್ನೂ ಕಿತ್ತು ಹಾಕಿದಳು. ಯಾರೂ ಓದದ ಪುಟಕ್ಕೆ ಜಾಗ ಯಾಕೆ? ಸಿಡಿಯ ಮೇಲಿನ ಕವರು ಐದುನೂರೂ ಅಚ್ಚಾದವು. ಸಿಡಿ ಬರೆಯುವ ಯಂತ್ರ ಮೆಲ್ಲಗಿದ್ದುದರಿಂದ ಸಿಡಿಗಳು ಒಂದೊಂದೇ ಆಗುತ್ತಿದ್ದವು. ಮೊದಲಿಗೆ ಆದ ನಾಲ್ಕಾರು ಸಿಡಿಗಳನ್ನು ಸಾಹುಕಾರರು ನಮೂನೆ ನೋಡಲು ಅಂತ ಒಯ್ದು, ಒಂದನ್ನು ಧಾರವಾಡದ ಸಪ್ತಾಪುರದಲ್ಲಿ ಖೋಲಿ ಹಿಡಿದು ಓದುತ್ತಿದ್ದ ತಮ್ಮ ಸೋದರಳಿಯ ಶಶಿಕಾಂತನಿಗೆ ಕಳಿಸಿದರು.

ಎರಡು ದಿನ ಬಿಟ್ಟು ಪ್ರೆಸ್ಸಿಗೆ ಒಬ್ಬ ಹೆಣ್ಣುಮಗಳು ಬಂದಳು. ಧಾರವಾಡದಿಂದ ಬಸ್ಸಿನಲ್ಲಿ ನಿಂತೇ ಬಂದಂತಿತ್ತು, ಸೀರೆಯ ನೆರಿಗೆಯೆಲ್ಲ ಮುದ್ದೆ. ಹೆಸರು ಮಂದಾಕಿನಿ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ಶಶಿಕಾಂತ ಇರುವುದು ಅವರ ಮನೆಯ ಮಾಳಿಗೆಯ ಖೋಲಿಯಲ್ಲೇ.

"ಈ ಸಿಡಿ ಮಾಡಿದವರು ಯಾರ್ರಿ?"

"ನಾನ್ರಿ," ಅಂದಳು ದಾಕ್ಷಾಯಿಣಿ, ಹೊಗಳಲು ಬಂದಿದ್ದಾರೆ ಅಂದುಕೊಂಡು.

"ಭಾಳ ಛಲೋ ಮಾಡೀರಿ. ಅಮಾಸಿ ಚುಕ್ಕಿ ಅಂತೂ ನಮಗ ಯಾರಿಗೂ ಹೊಳದಿದ್ದಿಲ್ಲ. ಆದ್ರ ಒಂದು ಮಾತದ. ಇದರೊಳಗಿನ ಕನ್ನಡ ಮಾಡಿದವರೊಳಗ ನಾನೂ ಒಬ್ಬಾಕಿ. ಸಂಜೀಕ ಕಾಲೇಜ್ ಮುಗಿಸಿ ಬಂದು, ಒಂದೊಂದ ಶಬ್ದಕ್ಕ ನಾಕನಾಕ ಮಂದಿ ಜಗಳಾಡಿ ಮಾಡೇವಿ. ನನ್ನ ಹೆಸರು ನೋಡೋಣಂತ 'ಕುರಿತು' ಒತ್ತಿದೆ." ಅವರು ನಗು ತಡೆದುಕೊಂಡರು. "ನನ್ನ ಜಾಗಾದಾಗ ಹಿಂಡಿ ಅದರಿ."

ನಾನು ಲಕೋಟೆ ಮಡಚುವುದನ್ನು ನಿಲ್ಲಿಸಿದೆ. ಗುರುಬಸವ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದ.

"ಪುಕ್ಕಟೆ ಬಿಟ್ಟದ್ದಲ್ರಿ ಅದು? ಪುಕ್ಕಟೆ ಕೊಟ್ಟ ಮ್ಯಾಲೆ ಎಂಥಾ ತಕರಾರು?"

"ರೊಕ್ಕಾ ಬ್ಯಾಡ ಅಂತ ಅಷ್ಟ ಹೇಳೇವ್ರಿ, ಕರಾರು ಬ್ಯಾಡ ಅಂತ ಹೇಳಿಲ್ಲ. ನೀವದನ್ನ ಹಂಚ್ರಿ. ಬೇಕಂದ್ರ ಮಾರ್ರಿ."

"ಮಾರಬಹುದು?" ಗುರುಬಸವನ ದನಿ ಏರಿತು.

"ಧಾರಾಳಾಗಿ. ತಿದ್ದರಿ, ಬದಲಿ ಮಾಡ್ರಿ, ಯಾರನ್ನೂ ಕೇಳಬ್ಯಾಡ್ರಿ. ಆದ್ರ ಮಾಡಿದವರ ಹೆಸರು ಅಳಿಸಬಾರದು. ಕರಾರಿನ ಪ್ರತಿ ಸಿಡಿ ಜೋಡಿ ಇರಬೇಕು. ಮತ್ತ, ಮಂದಿ ಓದಿ ತಿದ್ದಾಕ ಬರೋವಂಗ ಬರದದ್ದು ಇರ್ತದಲ್ಲ, ಮೂಲ ಕೋಡು, ಅದನ್ನ ಕೇಳಿದವರಿಗೆ ಕೊಡಬೇಕು. ನೀವು ತಿದ್ದಿದ್ದೂ ಅದರಾಗ ಬರಬೇಕು."

"ನನ್ನ ಅಮಾಸೀನೂ?" ಅಂದಳು ದಾಕ್ಷಾಯಿಣಿ.

"ನಿಮ್ಮ ಅಮಾಸೀನೂ. ನಾವು ನಿಮಗ ಕೊಟ್ಟಂಗ ನೀವು ಮುಂದಿನವರಿಗೆ. ಈ ಕರಾರು ಮುರದ್ರ ಹಂಚೋ ಹಕ್ಕು ಇರೋದಿಲ್ಲ. ಐದುನೂರು ಮನಿಗೆ ಹೋದ ಮ್ಯಾಲೆ ಬಂದು ಬಾಯಿ ಮಾಡೋದಕ್ಕಿಂತ ಇವತ್ತ ಬಂದು ಹೇಳಿದ್ರ ಛಲೋ ಅಂತ ಬಂದೆ."

ದಾಕ್ಷಾಯಿಣಿಯ ಮುಖ ಸಣ್ಣದಾಯಿತು. "ನಾ ಆ ಕರಾರು ಓದಿಲ್ರಿ ಮೇಡಮ್. ಯಾರ ಓದ್ತಾರ್ರಿ ಅದನ್ನ?"

"ಖರೇ ಹೇಳ್ಲ್ಯಾ? ನಾನೂ ಎರಡ ವರ್ಷ ಓದಿದ್ದಿಲ್ಲ," ಅಂದರು ಮಂದಾಕಿನಿ. ಆಗ ಎಲ್ಲರೂ ನಕ್ಕೆವು, ಗುರುಬಸವನೊಬ್ಬ ಬಿಟ್ಟು.

ಆತನಿಗೆ ಬೇರೆ ಚಿಂತೆ. ನಮ್ಮಿಂದ ನಾಲ್ಕು ಅಂಗಡಿ ಆಚೆ ಚನ್ನಯ್ಯನ ಪ್ರೆಸ್. ಇಬ್ಬರೂ ಒಂದೇ ಸಾಲಿಯಲ್ಲಿ ಕಲಿತವರು, ಒಬ್ಬರ ಗಿರಾಕಿಯನ್ನು ಒಬ್ಬರು ಎಳೆಯುತ್ತಲೇ ಮುದುಕರಾಗುತ್ತಿರುವವರು. "ಕೇಳಿದವರಿಗೆ ಕೊಡಬೇಕು ಅಂದ್ರ ಚನ್ನಯ್ಯ ಕೇಳೇ ಕೇಳ್ತಾನ. ನಾಳೆ ಆತನೂ ಅಮಾಸಿ ಸಿಡಿ ಮಾಡ್ತಾನ. ನನ್ನ ಮಗಳ ಖೋಲಿಗೆ ಏನ ಉಳೀತು?"

"ಯಾರ ಕೇಳಿದ್ರೂ ಕೊಡಬೇಕ್ರಿ," ಅಂದರು ಮಂದಾಕಿನಿ. "ಕರಾರು ಹಂಗದ." ಆಮೇಲೆ ನಾನು ಕೊಟ್ಟ ಚಹಾ ಕುಡಿಯುತ್ತ ಪರದೆಯ ಮೇಲೆ ತಮ್ಮಲ್ಲಿದ್ದ ಮೂಲ ಸಿಡಿ ಹಾಕಿ, ಅಳಿಸಿ ಹೋಗಿದ್ದ ಹೆಸರುಗಳನ್ನು ತೋರಿಸಿದರು. ಒಂದಾದ ಮೇಲೊಂದು ಹೆಸರು ಮೇಲಕ್ಕೆ ಹೋಗುತ್ತಲೇ ಇತ್ತು. ಜರ್ಮನಿಯವರು, ಬ್ರೆಝಿಲಿನವರು, ಬಾಯಿಗೇ ಬರದ ಹೆಸರಿನವರು, ನಡುವೆ ಮಂದಾಕಿನಿ, ಧಾರವಾಡ.

ಗುರುಬಸವ ನೋಡುತ್ತ ನಿಂತ. ಆತನ ತುಟಿ ಅಲ್ಲಾಡುತ್ತಿತ್ತು. ಲಗ್ನಪತ್ರಿಕೆಯ ಪ್ರೂಫ್ ನೋಡುವಾಗ ಆತ ಹೀಗೇ ಒಂದೊಂದು ಹೆಸರನ್ನೂ ತುಟಿಯಲ್ಲೇ ಓದುತ್ತಾನೆ. ನಮ್ಮ ಕಡೆಯ ಲಗ್ನಪತ್ರಿಕೆ ಕಂಡವರಿಗೆ ಇದರ ಕಷ್ಟ ಗೊತ್ತು. ಮದುಮಕ್ಕಳ ಹೆಸರು ಎರಡು ಸಾಲಿನಲ್ಲಿ ಮುಗಿಯುತ್ತದೆ. ಸುಖಾಗಮನ ಬಯಸುವ ಕಾಕಾ, ಮಾಮಾ, ಅಣ್ಣತಮ್ಮಂದಿರು, ಬೀಗರು ಎರಡು ಪುಟ ತುಂಬುತ್ತಾರೆ. ಹಿಂದಿನ ವರ್ಷ ತಾರಿಹಾಳದ ಕಾರಖಾನೆಯವರೊಬ್ಬರ ಪತ್ರಿಕೆಯಲ್ಲಿ ಹುಡುಗಿಯ ಸೋದರಮಾವನ ಹೆಸರೇ ಬಿಟ್ಟುಹೋಗಿತ್ತು. ಆ ಸೋದರಮಾವ ಮಂಟಪದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಂತ, ಒಳಗೆ ಬರಲಿಲ್ಲ, ಬಂದವರಿಗೆಲ್ಲ ಪತ್ರಿಕೆ ತೋರಿಸಿದ. ಗುರುಬಸವ ಮತ್ತೆ ಎಲ್ಲ ಪತ್ರಿಕೆ ಒತ್ತಿಕೊಟ್ಟ, ಲಗ್ನ ಮುಗಿದ ಮೇಲೆ! ಹಂಚಲಿಕ್ಕೂ ಅಲ್ಲ, ಮನೆಯಲ್ಲಿ ಇಡಲಿಕ್ಕೆ.

"ಅಕ್ಕಾ," ಅಂದ ನನ್ನ ಕಡೆ ತಿರುಗಿ, "ಇದು ಕ್ಯಾಲೆಂಡರ್ ಅಲ್ಲಬೇ. ಇದು ಲಗ್ನಪತ್ರಿಕೆ."

"ಮತ್ತ? ಎಷ್ಟ ಮಂದಿ ಸೋದರಮಾವಂದಿರನ್ನ ಹೊರಗ ಕುಂದ್ರಿಸಿ ಬಂದಿ ನೀನು!" ಅಂದೆ.

"ದಾಕ್ಷಾಯಿಣೀ, ಎಲ್ಲಾ ಹೆಸರು ತಿರುಗಿ ಹಾಕು. ಒಂದೂ ಬಿಡಬ್ಯಾಡ. ಆ ಬ್ರೆಝಿಲ್ ಬೀಗರನ್ನೂ." ಅಂದವನೇ ಮೆಲ್ಲಗೆ, "ಆದ್ರ ಆ ಮೂಲಾ ಕೊಡೋ ಮಾತು ನೀನ ಇತ್ಯರ್ಥ ಮಾಡು. ಹೋದ್ರ ನಿನ್ನ ಖೋಲಿ ಹೋಗ್ತೈತಿ," ಅಂದ.

ಆಕೆ ಕ್ಯಾಲೆಂಡರ್ ತೆರೆದು ಕರಿ ಚುಕ್ಕಿಯನ್ನು ನೋಡಿದಳು. ಕೀಲಿಮಣೆಯ ಮೇಲೆ ಬೆರಳಿಟ್ಟು ತೆಗೆದಳು. ಆ ಅಮಾವಾಸ್ಯೆಯ ಚುಕ್ಕಿ ಆಕೆಯ ಸ್ವಂತ ಕೆಲಸ, ಅದೊಂದೇ. ಕೊನೆಗೆ, "ಅವರ ಕನ್ನಡಾ ಇಲ್ಲದಿದ್ರ ನನ್ನ ಚುಕ್ಕಿ ಎಲ್ಲಿ ಇಡತಿದ್ದೆ ಅಪ್ಪಾ? ಕೊಡೋಣು," ಅಂದಳು.

ಇನ್ನು ಉಳಿದವರು ಸಾಹುಕಾರರು. ಹೆಸರು ತೆಗೆಯುತ್ತಾರೆ ಅಂತ ಕೇಳಿ ಸ್ಕೂಟರಿನಲ್ಲೇ ಬಂದರು.

"ನಾ ರೊಕ್ಕಾ ಕೊಡೋದು ಜರ್ಮನಿ ಮಂದಿ ಹೆಸರು ಓದಾಕಲ್ಲ!"

"ಕಾಕಾರ, ನಿಮ್ಮ ಹೆಸರು ಕವರಿನ ಮ್ಯಾಲೆ ಇರ್ತೈತ್ರಿ. ಕಂಪ್ಯೂಟರ್ ಚಾಲೂ ಆದ ಕೂಡ್ಲೆ ಪರದೆ ತುಂಬ ನಿಮ್ಮ ಅಂಗಡಿ ಚಿತ್ರಾ ಬರ್ತೈತ್ರಿ. ಹಂಚವರು ನೀವು, ಅದನ್ನ ಹಾಕಾಕ ಬರ್ತೈತಿ. ಮಾಡಿದವರು ನಾವು ಅಂತ ಹಾಕಾಕ ಮಾತ್ರ ಬರೂದಿಲ್ಲ."

"ಪರದೆ ತುಂಬ? ಎಷ್ಟ ದೊಡ್ಡದು?"

ಆಕೆ ತೋರಿಸಿದಳು. ಅಂಗಡಿ, ಹಿಂಡಿ ಚೀಲ, ಚೀಲದ ಪಕ್ಕ ಸಾಹುಕಾರರು ಸ್ವತಃ. ಅವರು ತಮ್ಮನ್ನು ತಾವೇ ಸ್ವಲ್ಪ ಹೊತ್ತು ನೋಡಿಕೊಂಡರು.

"ಹೊಟ್ಟಿ ಸ್ವಲ್ಪ ಸಣ್ಣು ಮಾಡಾಕ ಬರ್ತೈತೇನು?"

"ಅದಕ್ಕ ಯಾವ ಕರಾರೂ ಅಡ್ಡ ಬರೂದಿಲ್ರಿ," ಅಂದಳು.

ಹೊಟ್ಟೆ ಸಣ್ಣದಾಯಿತು, ತಕರಾರು ಮುಗಿಯಿತು. ಕವರುಗಳು ಆಗಲೇ ಅಚ್ಚಾಗಿದ್ದರಿಂದ ಗುರುಬಸವ ಒಂದು ಹಳದಿ ಚೀಟಿ ಒತ್ತಿದ: ಈ ಸಿಡಿಯ ತಂತ್ರಾಂಶದ ಮೂಲ ಕೋಡ್ ಬೇಕಾದವರು ಮೂರು ವರ್ಷದವರೆಗೆ ನಮ್ಮ ಪ್ರೆಸ್ಸಿಗೆ ಬಂದು ಪಡೆಯಬಹುದು. "ಮಿಕ್ಸರಿಗೂ ಇಷ್ಟು ದಿನದ ಗ್ಯಾರಂಟಿ ಕೊಡೂದಿಲ್ಲಪಾ," ಅಂತ ಗೊಣಗುತ್ತಲೇ ಕಾಗದ ಕತ್ತರಿಸಿದ. ಚೀಟಿಗಳನ್ನು ಒಂದೊಂದು ಕವರಿಗೂ ತುಂಬಿದವಳು ನಾನು. ಎಲ್ಲದರ ಮೂಲವನ್ನೂ ಮಂದಾಕಿನಿಯವರು ಪ್ರತಿ ಮಾಡಿ ತಂದುಕೊಟ್ಟರು, ಅದಕ್ಕೆ ದಾಕ್ಷಾಯಿಣಿ ತಾನು ತಿದ್ದಿದ್ದನ್ನು ಸೇರಿಸಿದಳು. ಕ್ಯಾಲೆಂಡರ್ ಪ್ರೋಗ್ರಾಮಿನ ಹೆಸರುಗಳ ಕೊನೆಗೆ ನಿಮ್ಮದನ್ನೂ ಹಾಕಿರಿ, ಅದು ನಿಮ್ಮ ಹಕ್ಕು ಅಂತ ಅವರೇ ಹೇಳಿ ಹಾಕಿಸಿದರು.

ಪೂಜೆಯ ದಿನ ಸಿಡಿ ಹಂಚಿದ್ದಾಯಿತು. ಮಂದಿಗೆ ಖುಷಿಯೋ ಖುಷಿ. ಅರಿವೆ ಮುಚ್ಚಿದ ಕಂಪ್ಯೂಟರುಗಳೆಲ್ಲ ಬಯಲಿಗೆ ಬಂದವು.

ಹಬ್ಬ ಮುಗಿಯುತ್ತಲೇ ಬಂದವನು ಚನ್ನಯ್ಯ, ಕೈಯಲ್ಲಿ ಹಳದಿ ಚೀಟಿ.

"ಏನ್ ಗುರುಬಸವಾ, ಅಚ್ಚು ಹಾಕ್ಸಿ ಕೊಟ್ಟೀಯಲ್ಲ. ಕೊಡು ಮತ್ತ."

ಗುರುಬಸವ ಗೋಡೆಯ ಕಡೆ ಮುಖ ಮಾಡಿದ. ದಾಕ್ಷಾಯಿಣಿ ಎದ್ದು ಮೂಲದ ಸಿಡಿಗಳನ್ನು ಎರಡೂ ಕೈಯಲ್ಲಿ ಕೊಟ್ಟಳು. ಆತ ಮೀಸೆಯಲ್ಲೇ ನಗುತ್ತ ಹೋದ. ಒಂದು ಹಬ್ಬದ ಕೆಲಸ ಗಟ್ಟಿ ಕೆಲಸವಲ್ಲ, ಇನ್ನು ಗಿರಾಕಿಯೆಲ್ಲ ಚನ್ನಯ್ಯನ ಕಡೆಗೇ ಅಂತ ಅಂದೇ ಸಂಜೆ ಗುರುಬಸವ ಫಕ್ರುಸಾಬನಿಗೆ ಹೇಳಿ ಕಳಿಸಿದ. ಮಗಳು ಎರಡೂ ಕಂಪ್ಯೂಟರಿನ ವೈರುಗಳನ್ನು ಸುತ್ತತೊಡಗಿದಳು. ಆಕೆಯ ಬೆನ್ನು ನೋಡಿ ನನಗೆ ರೊಟ್ಟಿ ಸೇರಲಿಲ್ಲ.

ಮರುದಿನ ಫಕ್ರುಸಾಬ ಟೇಪು ತಂದು ಖೋಲಿ ಅಳೆಯುತ್ತಿದ್ದ. "ಇಲ್ಲಿ ಕಪಾಟ್, ಇಲ್ಲಿ ಕೌಂಟರ್," ಅಂತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಅಷ್ಟರಲ್ಲಿ ಚನ್ನಯ್ಯ ಮತ್ತೆ ಬಂದ. ಈ ಸಲ ಮೀಸೆಯಲ್ಲಿ ನಗು ಇರಲಿಲ್ಲ.

"ಏನವಾ ದಾಕ್ಷಾಯಿಣೀ, ಏನ ಕೊಟ್ಟೀಯವಾ ನನಗ? ತಗದು ನೋಡಿದ್ರ ಬರೇ ಅಕ್ಷರ. ಚುಕ್ಕಿ ಇಲ್ಲ, ಅಮಾಸಿ ಇಲ್ಲ. ಪ್ರಿಂಟ್ ತಗಸಿದೆ, ಒಂದು ರೀಮ್ ಕಾಗದಾ ಹೋತು, ಇನ್ನಾ ಮುಗೀಲಿಲ್ಲ!"

ಒಳಗೆ ಕಾಗದ ಕತ್ತರಿಸುವ ಯಂತ್ರದ ಸಪ್ಪಳ ಗಕ್ಕನೆ ನಿಂತಿತು.

"ಪ್ರಿಂಟ್ ತಗಸಿದ್ರ್ಯಾ ಕಾಕಾ?" ಅಂದಳು ದಾಕ್ಷಾಯಿಣಿ. ನಗಲಿಲ್ಲ, ಅದೇ ದೊಡ್ಡದು.

"ಮತ್ತ? ನಾ ಪ್ರಿಂಟರ್ ಅದೇನಿ, ಪ್ರಿಂಟ್ ತಗಸದ ಇನ್ನೇನ ಮಾಡ್ಲಿ? ರವಾ ಕೊಟ್ಟು ಉಪ್ಪಿಟ್ಟು ಅಂದ್ರ ಹೆಂಗ?"

"ರವಾ ಕೊಡತೇವಿ ಅಂತನ ಚೀಟ್ಯಾಗ ಬರದಿತ್ರಿ. ಉಪ್ಪಿಟ್ಟ ಬೇಕಂದ್ರ ನಾ ಮಾಡಿಕೊಡತೇನಿ, ಅದು ಬ್ಯಾರೆ ಕೆಲಸಾ. ಯಾರಿಗೆ ಬೇಕಾಗಿತ್ತು?"

ಚನ್ನಯ್ಯ ಒಳಗಿನ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಸತ್ತೂರ ಕಡೆ ಔಷಧ ಅಂಗಡಿಯವರ ಸಂಘ. ಸಂಕ್ರಮಣಕ್ಕ ಹಂಚತಾರಂತ. ಒಪ್ಪಿಕೊಂಡ ಬಿಟ್ಟೇನಿ. ಅವರಿಗೆ ಅಮಾಸಿ ಜೋಡಿ ರವಿವಾರ ಯಾವ ಅಂಗಡಿ ತಗದಿರ್ತೈತಿ ಅನ್ನೋದೂ ಬರಬೇಕಂತ. ಆಗ್ತೈತೇನು?"

"ಆಗ್ತೈತ್ರಿ. ಕುಂದರ್ರಿ."

ಕುಂದಿರಲು ಜಾಗವೆಲ್ಲಿ? ಕುರ್ಚಿಯ ಸುತ್ತ ಸೀಮೆಸುಣ್ಣದ ಗೆರೆ. ಗುರುಬಸವ ಹೊರಗೆ ಬಂದ, ಚನ್ನಯ್ಯನನ್ನು ನೋಡಲೇ ಇಲ್ಲ ಎಂಬಂತೆ.

"ಫಕ್ರುಸಾಬಣ್ಣಾ, ಟೇಪ್ ಸುತ್ತಪಾ."

"ಅರೇ, ಕೌಂಟರ್ ಅಳತಿ ಇನ್ನಾ..."

"ಓಣಿ ಮೂಲ್ಯಾಗಿನ ಕಲ್ಲಪ್ಪನ ಕಟ್ಟಡದಾಗ ಒಂದು ಖೋಲಿ ಐತಿ, ನಾನ ಮಾತಾಡಿ ಕೊಡಸ್ತೇನಿ. ಇಲ್ಲಿ ಗಿರಾಕಿ ಕುಂತಾರ."

ಫಕ್ರುಸಾಬ ಟೇಪನ್ನು ಸರ್ರನೆ ಬಿಟ್ಟ. "ಒಂದ ಖೋಲಿ ಸಲುವಾಗಿ ಎಷ್ಟ ಆಟಾ ಆಡಸ್ತೀರಿ ಅಪ್ಪಾ ಮಗಳು! ನಿಮ್ಮ ಮೊಬೈಲಿಗೆ ರೀಚಾರ್ಜ್ ಹಾಕಾಂವ ನಾನ ಇದ್ದೇನಿ, ನೆಪ್ಪಿರಲಿ," ಅಂತ ನಗುತ್ತಲೇ ಹೋದ. ದಾಕ್ಷಾಯಿಣಿ ಸುತ್ತಿಟ್ಟ ವೈರು ಬಿಚ್ಚಿ ಕಂಪ್ಯೂಟರ್ ಚಾಲೂ ಮಾಡಿದಳು. ಚನ್ನಯ್ಯ ಪರದೆಯೊಳಗೆ ಮೂಗಿಟ್ಟು, ಅದು ಒತ್ತು, ಇದು ಒತ್ತು ಅಂತ ಕ್ಯಾಲೆಂಡರಿನ 'ಕುರಿತು' ತನಕ ಬಂದ. ಹೆಸರುಗಳು ಮೇಲೇರಿದವು. ಕೊನೆಗೆ ಒಂದು ನಿಂತಿತು: ದಾಕ್ಷಾಯಿಣಿ ಗುರುಬಸವ, ಹುಬ್ಬಳ್ಳಿ.

"ಇದೇನಿದು! ನನ್ನ ಸಿಡಿಯೊಳಗ ಗುರುಬಸವನ ಹೆಸರು? ತಗೀ ಇದನ್ನ."

"ತಗಿಯಾಕ ಬರೂದಿಲ್ರಿ ಕಾಕಾ. ಕರಾರೈತಿ."

"ಯಾರ ಮಾಡಿದ ಕರಾರು?"

"ನಮಗೂ ಮೊದಲ ಸಿಟ್ಟ ಬಂದಿತ್ತಪಾ," ಅಂದ ಗುರುಬಸವ, ಎಲ್ಲಿಯೋ ನೋಡುತ್ತ. ಬಾಯಿ ಕಿವಿತನಕ ಹೋಗುತ್ತಿತ್ತು, ಕೈ ಅಡ್ಡ ಹಿಡಿದುಕೊಂಡಿದ್ದ.

ಚನ್ನಯ್ಯ ಪರದೆಯಿಂದ ಮೂಗು ತೆಗೆದ. ಸಂಘಕ್ಕೆ ಮಾತು ಕೊಟ್ಟಾಗಿದೆ, ಬೇರೆ ದಾರಿ ಇಲ್ಲ. "ಆತು, ಇರಲಿ," ಅಂದ. "ಅಕ್ಷರಾ ಅಷ್ಟ ಸಣ್ಣು ಮಾಡು."

"ಎಲ್ಲಾರವೂ ಒಂದ ಅಳತಿ ಅದಾವ್ರಿ ಕಾಕಾ," ಅಂದಳು ದಾಕ್ಷಾಯಿಣಿ. "ಔಷಧ ಅಂಗಡಿ ಹೆಸರು ಹೇಳ್ಕೋತ ಹೋಗ್ರಿ, ಬರಕೋತೇನಿ."